ನಿನ್ನೆ ಬಂದ ಹುಡುಗನ ಅಕ್ಕ

ಕಳೆದ ಜೂನ್‌ನಲ್ಲಿ ನಮ್ಮ ಸೆನ್ಸೇ ನಿವೃತ್ತರಾದರು. ಅವರ ಕೋಣೆ ಖಾಲಿ ಮಾಡಿಕೊಡಲು ಹೋದಾಗ ಪುಸ್ತಕಗಳಿಗಿಂತ ಮೊದಲು ನನ್ನ ಕೈಗೆ ಸಿಕ್ಕಿದ್ದು ಹದಿನೇಳು ಶಾಂಪೂ ಬಾಟಲಿಗಳು. ಮಲ್ಲಿಗೆ ಪರಿಮಳದ್ದು, ಪರಿಮಳವೇ ಇಲ್ಲದ್ದು, ಬಣ್ಣ ಹಾಕಿದ ಕೂದಲಿಗೆ ಬೇರೆ, ಇನ್ನೇನು ಬೋಳಾಗಲಿರುವ ತಲೆಗಳಿಗೆಂದೇ ಒಂದು ಬೇರೆ. ಸಾಮಾನು ಸಾಗಿಸಲು ಬಂದವನು ಬಾಗಿಲ ಮೇಲಿನ ಫಲಕ ನೋಡಿದ, ಶಾಂಪೂ ನೋಡಿದ, ಮತ್ತೆ ಫಲಕ ನೋಡಿದ. ಮೆದುಳಿನ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರರಿಗೆ ಇದೆಲ್ಲ ಯಾಕೆ ಎಂದು ಅವನು ಕೇಳದಿದ್ದರೂ ಅವನ ಮುಖ ಕೇಳುತ್ತಿತ್ತು.

ಸೆನ್ಸೇ ಎಂದರೆ ಜಪಾನಿ ಭಾಷೆಯಲ್ಲಿ ಗುರುಗಳು. ಗಂಡಸಾದರೂ ಹೆಂಗಸಾದರೂ ಅದೇ ಮಾತು. ನಮ್ಮ ಸೆನ್ಸೇ ಹೆಂಗಸು. ಎತ್ತರ ಐದಡಿಗೆ ಒಂದು ಅಂಗುಲ ಕಡಿಮೆ. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ ಇಟ್ಟುಕೊಂಡು ಮೂರನೆಯದನ್ನು ಹುಡುಕುತ್ತಾ ಓಡಾಡುವುದು ಅವರ ಬೆಳಗಿನ ವ್ಯಾಯಾಮ. ಅವರ ಬಗ್ಗೆ ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ, ಆದ್ರೆ ಹೆಸರು ಹಾಕ್ಬೇಡ. ಹೆಸರಿದ್ರೆ ಜನ ನನ್ನನ್ನ ಹುಡುಕ್ತಾರೆ. ಇಲ್ದಿದ್ರೆ ಬರೆದಿದ್ದನ್ನ ಓದ್ತಾರೆ" ಎಂದರು. ಅವರು ಆಡುತ್ತಿದ್ದುದು ಇಂಗ್ಲಿಷ್. ನನ್ನ ಕಿವಿಯಲ್ಲಿ ಅದು ಉಳಿದಿರುವುದು ಕನ್ನಡವಾಗಿ. ಹಾಗೆಯೇ ಬರೆಯುತ್ತಿದ್ದೇನೆ.

ಅವರ ಲ್ಯಾಬಿಗೆ ನಾನು ಹೋಗಿ ಸೇರಿದ್ದು ಒಂದು ಸಣ್ಣ ಜಾಹೀರಾತು ನೋಡಿ. ಬೆಂಗಳೂರಿನ ಚಾಮರಾಜಪೇಟೆಯ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಏಳು ವರ್ಷ ಕೆಲಸ ಮಾಡಿದ್ದೆ. ದೇವರನಾಮ, ಮದುವೆ ಹಾಡು, ಸೋಪಿನ ಜಾಹೀರಾತು, ಎಲ್ಲವೂ ನನ್ನ ಹೆಡ್‌ಫೋನಿನ ಮೂಲಕ ಹಾದುಹೋಗುತ್ತಿದ್ದವು. ಗಾಯಕರು ಸಾಲುಗಳ ನಡುವೆ ಸೇದುವ ಉಸಿರನ್ನು ಕತ್ತರಿಸಿ ತೆಗೆಯುವುದು ನನ್ನ ಕಸುಬು. ಗಂಡನ ಜೊತೆ ಅಮೇರಿಕದ ಟೋಟೆಮ್ ಲೇಕ್ ಎಂಬ ಊರಿಗೆ ಬಂದ ಮೇಲೆ ನಾಲ್ಕು ವರ್ಷ ಯಾರ ಉಸಿರನ್ನೂ ಕತ್ತರಿಸಿರಲಿಲ್ಲ. ಮಗಳು ಸಿರಿ ಸ್ಕೂಲಿಗೆ ಸೇರಿದಳು. ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಒಂದು ಲ್ಯಾಬಿನಲ್ಲಿ ಧ್ವನಿಮುದ್ರಣ ಬಲ್ಲವರು ಬೇಕಾಗಿದ್ದಾರೆ ಎಂದು ಗೊತ್ತಾಗಿ, ಬಸ್ಸು ಹಿಡಿದು ಹೋದೆ.

ಸಂದರ್ಶನದಲ್ಲಿ ಸೆನ್ಸೇ ನನ್ನ ಅನುಭವ ಕೇಳಲಿಲ್ಲ. "ಮನೇಲಿ ಯಾವ ಭಾಷೆ?" ಎಂದರು.

"ಕನ್ನಡ."

"ಅದ್ರಲ್ಲಿ ಕ್ರಿಯಾಪದ ಎಲ್ಲಿ ಕೂರುತ್ತೆ?"

ಕೆಲಸ ಕೇಳಲು ಬಂದವಳಿಗೆ ಏಳನೇ ಕ್ಲಾಸಿನ ವ್ಯಾಕರಣ! "ಕೊನೇಲಿ," ಎಂದೆ.

ಅವರು ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ಒಂದು ಕಾಗದದ ಮೇಲೆ ಒಬ್ಬ ಹುಡುಗನನ್ನೂ ಅವನ ಅಕ್ಕನನ್ನೂ ಒಂದು ಬಾಗಿಲನ್ನೂ ಬರೆದರು. ಹುಡುಗನಿಂದ ಬಾಗಿಲಿಗೆ ಒಂದು ಬಾಣದ ಗುರುತು. "ಈ ಹುಡುಗ ನಿನ್ನೆ ನಮ್ಮನೆಗೆ ಬಂದಿದ್ದ. ಇವಳು ಅವನ ಅಕ್ಕ. ಇವಳು ಬಂದಿರ್ಲಿಲ್ಲ. ಈಗ ಇವಳು ಯಾರು ಅಂತ ನಿಮ್ಮ ಭಾಷೇಲಿ ನಂಗೆ ಹೇಳಿ."

"ನಿನ್ನೆ ಬಂದ ಹುಡುಗನ ಅಕ್ಕ."

ಬಾಣವನ್ನು ಅಳಿಸಿ, ಅಕ್ಕನ ಕಾಲಿನಿಂದ ಬಾಗಿಲಿಗೆ ಹೊಸ ಬಾಣ ಎಳೆದರು. "ಈಗ ಬಂದಿದ್ದು ಅಕ್ಕ. ಹುಡುಗ ಮನೇಲೇ ಇದ್ದ. ಈಗ ಇವಳು ಯಾರು?"

"ನಿನ್ನೆ ಬಂದ ಹುಡುಗನ..." ಎಂದು ಅರ್ಧಕ್ಕೆ ನಿಂತೆ. ಮತ್ತೆ ಅದೇ ಮಾತು! ಹುಟ್ಟಿದಾಗಿನಿಂದ ನೋಡುತ್ತಿದ್ದ ಗೋಡೆಯಲ್ಲಿ ಇದ್ದಕ್ಕಿದ್ದಂತೆ ಒಂದು ಬಾಗಿಲು ಕಂಡಂತಾಯಿತು. ನಾನು ನಕ್ಕೆ. ಅವರು ಎದ್ದು ಬಂದು ನನ್ನ ಕೈ ಕುಲುಕಿದರು. "ಜಪಾನಿಯಲ್ಲೂ ಹೀಗೇ! ನನ್ನ ಅಮೇರಿಕನ್ ಸ್ಟೂಡೆಂಟ್ಸ್‌ಗೆ ಇದನ್ನ ಅರ್ಥ ಮಾಡ್ಸೋಕೆ ಒಂದು ವಾರ ಬೇಕು. ಸೋಮವಾರದಿಂದ ಬನ್ನಿ."

ಸೋಮವಾರ ಇನ್ನೊಂದು ವಾಕ್ಯ ಕಾದಿತ್ತು. ಜಪಾನಿ ವಾಕ್ಯವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಅದು ಹೀಗಿರುತ್ತದೆ: 'ಅಜ್ಜಿ ಮಗುವನ್ನು ಕರೆದ ಹೆಂಗಸಿಗೆ ಚಹಾ ಕೊಟ್ಟಳು.' ಅಜ್ಜಿ, ಮಗುವನ್ನು, ಕರೆದ ಎಂದು ಕೇಳುವಷ್ಟರಲ್ಲಿ ನಮ್ಮ ತಲೆಯೊಳಗೆ ಅಜ್ಜಿಯೇ ಮಗುವನ್ನು ಕರೆದಾಗಿರುತ್ತದೆ. ಆಮೇಲೆ 'ಹೆಂಗಸಿಗೆ' ಎಂಬ ಪದ ಬರುತ್ತದೆ. ಅಯ್ಯೋ, ಕರೆದವಳು ಈ ಹೆಂಗಸು! ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕು. ಇದಕ್ಕೆ ಮೆದುಳು ತೆಗೆದುಕೊಳ್ಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಮೆದುಳಿನಲ್ಲಿ ಆ ಕ್ಷಣ ಒಂದು ಸಣ್ಣ ವಿದ್ಯುತ್ತಿನ ಅಲೆ ಏಳುತ್ತದೆ. ಸೆನ್ಸೇ ಮೂವತ್ತು ವರ್ಷಗಳಿಂದ ಹಿಡಿಯುತ್ತಿದ್ದುದು ಆ ಅಲೆಯನ್ನು.

ಹಿಡಿಯುವುದಕ್ಕೆ ಈಜುಗಾರರು ಹಾಕಿಕೊಳ್ಳುವಂಥ ಒಂದು ಟೋಪಿ. ಅದರ ತುಂಬ ಬಟನ್ನಿನಂಥ ಬಿಲ್ಲೆಗಳು. ಒಂದೊಂದು ಬಿಲ್ಲೆಯ ಕೆಳಗೂ ಅಂಟಂಟು ಜೆಲ್ ತುಂಬಬೇಕು. ಟೋಪಿ ಹಾಕಿಕೊಂಡವರು, ಎಲ್ಲರೂ ಜಪಾನಿ ಮನೆಮಾತಿನವರು, ಹೆಡ್‌ಫೋನಿನಲ್ಲಿ ಒಂದು ಗಂಟೆ ಇಂಥ ವಾಕ್ಯಗಳನ್ನು ಕೇಳುತ್ತಾರೆ. ಮುಗಿದ ಮೇಲೆ ತಲೆ ನೋಡುವ ಹಾಗಿರುವುದಿಲ್ಲ. ಬೇರೆ ಲ್ಯಾಬುಗಳಲ್ಲಿ ಒಂದು ಟವೆಲ್ ಕೊಟ್ಟು ಸಿಂಕ್ ತೋರಿಸುತ್ತಾರಂತೆ. ನಮ್ಮಲ್ಲಿ ಎಪ್ಪತ್ತು ದಾಟಿದವರ ತಲೆಯನ್ನು ಸೆನ್ಸೇ ಸ್ವತಃ ತೊಳೆಯುತ್ತಿದ್ದರು. ತೋಳು ಮಡಚಿ, ಬಿಸಿನೀರಿನ ಹದ ಮೊಣಕೈಯಲ್ಲಿ ನೋಡಿ, ಕಿವಿಯ ಹಿಂದೆಲ್ಲ ಬೆರಳಾಡಿಸಿ. ಒಮ್ಮೆ ನಾನು ತೊಳೀತೀನಿ ಎಂದು ಮುಂದೆ ಹೋದೆ. "ಅವರ ಮೆದುಳನ್ನ ಒಂದು ಗಂಟೆ ಪುಕ್ಕಟೆ ನೋಡಿದೀನಿ. ತಲೆ ತೊಳೆಯೋದು ನನ್ನ ಕೆಲಸ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಯಾರಿಗೆ ಯಾವ ಶಾಂಪೂ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು.

ಇನ್ನೊಂದು ಅಭ್ಯಾಸ. ನಾವು ಮಾತು ಮುಗಿಸಿದ ಮೇಲೂ ಅವರು ಎರಡು ಕ್ಷಣ ಸುಮ್ಮನಿರುತ್ತಿದ್ದರು. ಹೊಸಬರಿಗೆ ಇವರಿಗೆ ಕಿವಿ ಮಂದವೇನೋ ಅನ್ನಿಸುತ್ತಿತ್ತು. ಫೋನಿನಲ್ಲಂತೂ ಜನ "ಹಲೋ? ಹಲೋ?" ಎಂದು ಕೂಗುತ್ತಿದ್ದರು. "ಇಂಗ್ಲಿಷ್ ಮಾತಾಡೋರ ವಾಕ್ಯ ಯಾವಾಗ ಮುಗಿಯುತ್ತೆ ಅಂತ ನಂಗೆ ಇನ್ನೂ ನಂಬಿಕೆ ಬಂದಿಲ್ಲ," ಎನ್ನುತ್ತಿದ್ದರು.

ಲ್ಯಾಬಿನಲ್ಲಿ ನಾವು ಮೂವರು. ಮೂರನೆಯವಳು ಕೇಟಿ. ಹತ್ತಿರದ ಎವರೆಟ್ ಎಂಬ ಊರಿನ ಹುಡುಗಿ, ಅವಳಪ್ಪ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸಗಾರ. ಶಾಲೆಯಲ್ಲಿ ಹಟ ಹಿಡಿದು ಜಪಾನಿ ಕಲಿತು, ಸೆನ್ಸೇ ಹತ್ತಿರ ಪಿಎಚ್‌ಡಿ ಮಾಡುತ್ತಿದ್ದಳು. ಆರಡಿ ಎತ್ತರ. ಅವಳು ತಲೆಬಾಗಿ ನಮಸ್ಕರಿಸಿದಾಗಲೂ ಸೆನ್ಸೇಗಿಂತ ಎತ್ತರವೇ ಇರುತ್ತಿದ್ದಳು.

ನಾವು ಮೂರು ವರ್ಷ ಒಂದೇ ಪ್ರಯೋಗ ಮಾಡಿದೆವು. ಇಪ್ಪತ್ತರ ಹರೆಯದವರೂ ಎಪ್ಪತ್ತು ದಾಟಿದವರೂ ಒಂದೇ ವಾಕ್ಯಗಳನ್ನು ಕೇಳಿದರೆ ಅವರ ಮೆದುಳುಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು. ಹರೆಯದವರಲ್ಲಿ 'ಹೆಂಗಸಿಗೆ' ಎಂಬಲ್ಲಿ ಅಲೆ ಎದ್ದಿತು, ನಿರೀಕ್ಷಿಸಿದ ಹಾಗೆಯೇ. ಹಿರಿಯರಲ್ಲಿ ಏಳಲೇ ಇಲ್ಲ! ಅವರು ಮೋಸಹೋಗಲೇ ಇಲ್ಲ. ಸೆನ್ಸೇಗೆ ಆದ ಸಂತೋಷ ಹೇಳತೀರದು. "ಹಿರಿಯರು ಆತುರಪಡಲ್ಲ ಕಣೇ, ವಾಕ್ಯ ಮುಗಿಯೋವರೆಗೆ ಕಾಯ್ತಾರೆ. ಜೀವನ ಪೂರ್ತಿ ಕೇಳಿ ಕೇಳಿ ಕಾಯೋದು ಕಲ್ತಿದಾರೆ," ಎಂದು ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಪ್ರಯೋಗಕ್ಕೆ ಬಂದಿದ್ದ ಅಜ್ಜ ಅಜ್ಜಿಯರಿಗೆಲ್ಲ ಪತ್ರ ಬರೆದರು. ಒಂದು ದೊಡ್ಡ ಸಮ್ಮೇಳನದಲ್ಲಿ ಅವರ ಭಾಷಣ ನಿಗದಿಯಾಯಿತು. ಅದಾದ ಮೇಲೆ ನಿವೃತ್ತಿ, ಅದಾದ ಮೇಲೆ ಜಪಾನಿನಲ್ಲಿ ಅಕ್ಕನ ಮನೆ. ಬಾಡಿಗೆ ಮನೆಯನ್ನು ಬಿಡುವುದಾಗಿಯೂ ತಿಳಿಸಿಬಿಟ್ಟಿದ್ದರು. ಕೇಟಿಯ ಪ್ರಬಂಧದ ಅರ್ಧಭಾಗ ನಿಂತಿದ್ದುದು ಇದೇ ಫಲಿತಾಂಶದ ಮೇಲೆ.

ಭಾಷಣಕ್ಕೆ ಎರಡು ವಾರ ಇರುವಾಗ, ಸಭೆಯಲ್ಲಿ ಕೇಳಿಸಲು ಎಂಟು ವಾಕ್ಯ ಆರಿಸಿ ಚೊಕ್ಕಟ ಮಾಡಿಕೊಡು ಎಂದು ಸೆನ್ಸೇ ನನಗೆ ಹೇಳಿದರು. ವಾಕ್ಯಗಳೆಲ್ಲ ಅವರದೇ ಧ್ವನಿ. ನಾನು ಸೇರುವ ಮೊದಲೇ ಅವರೇ ಓದಿ ಮುದ್ರಿಸಿದ್ದು. ಅಷ್ಟು ವರ್ಷ ಆ ಕಡತಗಳನ್ನು ಯಂತ್ರಕ್ಕೆ ಹಾಕಿ ನಡೆಸಿದ್ದೆನೇ ಹೊರತು ಕೂತು ಕೇಳಿರಲಿಲ್ಲ. ನನಗೆ ಜಪಾನಿ ಬರುವುದೂ ಇಲ್ಲ. ಅರ್ಥ ಗೊತ್ತಿಲ್ಲದವರಿಗೆ ಕೇಳುವುದು ಬರೀ ಸದ್ದು. ಆ ಸದ್ದಿನಲ್ಲಿ, ಮೊದಲ ಪದ ಆದ ಮೇಲೆ, ನನ್ನ ಹಳೆಯ ಪರಿಚಯದ ಒಂದು ವಸ್ತು ಕೇಳಿಸಿತು. ಅರ್ಧ ಉಸಿರು.

ಗಾಯಕರು ಕದ್ದು ಸೇದುತ್ತಾರಲ್ಲ, ಅಂಥದ್ದು. ಮುಂದಿನ ವಾಕ್ಯ ಕೇಳಿದೆ. ಅಲ್ಲೂ ಇತ್ತು. ಎಲ್ಲ ಕಡತಗಳನ್ನೂ ತೆಗೆದು ಕೂತೆ. ಮೋಸದ ವಾಕ್ಯಗಳಲ್ಲಿ ಬಹುಪಾಲು ಎಲ್ಲದರಲ್ಲೂ ಆ ಉಸಿರಿತ್ತು. ಹೋಲಿಕೆಗೆಂದು ಇಟ್ಟಿದ್ದ ನೇರ ವಾಕ್ಯಗಳಲ್ಲಿ ಇರಲಿಲ್ಲ. ಅದರ ಅರ್ಥ ಹೊಳೆಯಲು ಕನ್ನಡದಲ್ಲಿ ಹೇಳಿಕೊಂಡು ನೋಡಿದೆ. 'ಅಜ್ಜಿ...' ಎಂದು ಚೂರು ನಿಲ್ಲಿಸಿ, 'ಮಗುವನ್ನು ಕರೆದ ಹೆಂಗಸಿಗೆ ಚಹಾ ಕೊಟ್ಟಳು'. ಮೋಸವೇ ಇಲ್ಲ! ಆ ಚೂರು ನಿಲುಗಡೆಯೇ 'ಅಜ್ಜಿಯ ವಿಷಯ ಆಮೇಲೆ, ಈಗ ಬೇರೆಯವರ ವಿಷಯ' ಎಂದು ಮೊದಲೇ ಹೇಳಿಬಿಡುತ್ತದೆ. ಹಿರಿಯರು ಕಾದಿರಲಿಲ್ಲ. ಸೆನ್ಸೇಯ ಉಸಿರನ್ನು ಕೇಳಿಸಿಕೊಂಡಿದ್ದರು.

ಮೊದಲು ಕೇಟಿಗೆ ತೋರಿಸಿದೆ. ಅವಳು ಮೂರು ಸಲ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಭಾಷಣ ಮುಗೀಲಿ. ಪ್ಲೀಸ್. ಅವರಿಗೆ ಇದು ಕೊನೇದು. ಎರಡು ವಾರ ಆದ್ಮೇಲೆ ನಾನೇ ಹೇಳ್ತೀನಿ," ಎಂದಳು. ಅವಳು ತನ್ನ ಪ್ರಬಂಧದ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ದಿನ ಸುಮ್ಮನಿದ್ದೆ. ನನ್ನ ಗಂಡನಿಗೆ ಹೇಳಿದರೆ, "ನೀನು ಸೌಂಡ್ ಟೆಕ್ನಿಷಿಯನ್. ಅವ್ರು ಪ್ರೊಫೆಸರ್. ಅವ್ರಿಗೆ ಗೊತ್ತಿಲ್ದೆ ಇರುತ್ತಾ? ಸುಮ್ನೆ ತಲೆ ಕೆಡಿಸ್ಕೋತೀಯಾ," ಎಂದ. ನಾಲ್ಕನೆಯ ದಿನ ಬೆಳಿಗ್ಗೆ ಲ್ಯಾಬಿಗೆ ಹೋದಾಗ ಸೆನ್ಸೇ ಭಾಷಣ ಅಭ್ಯಾಸ ಮಾಡುತ್ತಿದ್ದರು, ಖಾಲಿ ಕುರ್ಚಿಗಳ ಎದುರು ನಿಂತು, ಕೈಯಾಡಿಸುತ್ತಾ. 'ಹಿರಿಯರು ಕಾಯುತ್ತಾರೆ' ಎಂಬಲ್ಲಿ ಅವರ ಮುಖ ಹೇಗೆ ಬೆಳಗಿತೆಂದರೆ, ಇನ್ನು ಒಂದು ಗಂಟೆ ತಡಮಾಡಿದರೆ ನಾನು ಎಂದೆಂದಿಗೂ ಹೇಳಲಾರೆ ಅನ್ನಿಸಿತು.

"ಸೆನ್ಸೇ, ಒಂದು ವಾಕ್ಯ ಕೇಳ್ತೀರಾ?" ಎಂದೆ. ದನಿ ನಡುಗಿತು.

ಅವರು ಹೆಡ್‌ಫೋನ್ ಹಾಕಿಕೊಂಡರು. ಪರದೆಯ ಮೇಲೆ ಆ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿದೆ. ಒಂದು ಕೇಳಿದರು. ಹತ್ತು ಕೇಳಿದರು. ನಾನು ಹೇಳಿ ಮುಗಿಸಿದ ಮೇಲೆ ಎಂದಿನಂತೆ ಎರಡು ಕ್ಷಣ ಸುಮ್ಮನಿದ್ದರು. ಆದರೆ ಈ ಸಲ ಎರಡು ಕ್ಷಣಕ್ಕೆ ಅದು ನಿಲ್ಲಲಿಲ್ಲ. ಹೊರಗೆ ಸೈಕಲ್ಲುಗಳ ಗಂಟೆ ಕೇಳುತ್ತಿತ್ತು.

"ಇದು ನಮ್ಮಮ್ಮನ ಉಸಿರು," ಎಂದರು ಕೊನೆಗೆ.

ನನಗೆ ಅರ್ಥವಾಗಲಿಲ್ಲ.

"ನಾವು ಚಿಕ್ಕೋರಿದ್ದಾಗ ಅಮ್ಮ ಕಥೆ ಓದಿ ಹೇಳೋಳು. ಮುಂದೆ ತಿರುವು ಇರೋ ವಾಕ್ಯ ಆದ್ರೆ ಹೆಸರು ಹೇಳಿ ಒಂಚೂರು ನಿಲ್ಲೋಳು. ಅಜ್ಜಿ... ನರಿ... ರಾಜ... ನಾವು ಕಣ್ಣು ಬಿಟ್ಕೊಂಡು ಕಾಯ್ತಿದ್ವಿ. ವಿಜ್ಞಾನಕ್ಕೆ ಅಂತ ಓದೋಕೆ ಕೂತೋಳು ನಾನು, ನೋಡು, ಅಮ್ಮನ ಥರ ಓದಿದೀನಿ." ಅವರ ಕಣ್ಣು ತುಂಬಿತ್ತು. ಆದರೆ ತುಟಿ ನಗುತ್ತಿತ್ತು. "ಆ ಕಾಲದಲ್ಲಿ ಎಲ್ಲಾ ಅಮ್ಮಂದಿರೂ ಹಾಗೇ ಓದ್ತಿದ್ರು. ಅದಕ್ಕೇ ಮುದುಕರಿಗೆ ಗೊತ್ತಾಗಿದೆ. ಈಗಿನ ಹುಡುಗರಿಗೆ ಯಾರು ಓದಿ ಹೇಳ್ತಾರೆ?"

ಕೇಟಿ ಒಳಗೆ ಬಂದವಳು ಪರದೆಯನ್ನೂ ನಮ್ಮಿಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತಳು. ಅಳು ಬಂದೇಬಿಟ್ಟಿತು ಅವಳಿಗೆ. ಸೆನ್ಸೇ ಎದ್ದು ಹೋಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಕೂತರೆ ಮಾತ್ರ ಅವಳ ಭುಜಕ್ಕೆ ಅವರ ಕೈ ಸಲೀಸಾಗಿ ಎಟಕುತ್ತಿತ್ತು. "ಅಳ್ಬೇಡ. ಇದನ್ನ ನಾವೇ ಕಂಡುಹಿಡಿದ್ವಿ. ಬೇರೆಯೋರು ಕಂಡುಹಿಡಿದಿದ್ರೆ ಅಳ್ಬೋದಿತ್ತು."

ಅವತ್ತು ಮಧ್ಯಾಹ್ನವೇ ಸಮ್ಮೇಳನದವರಿಗೆ ಪತ್ರ ಹೋಯಿತು, ಭಾಷಣದ ಶೀರ್ಷಿಕೆ ಬದಲಾಗಿದೆ ಎಂದು. ಭಾಷಣದಲ್ಲಿ ಅವರು ತಮ್ಮ ತಪ್ಪನ್ನೇ ದೊಡ್ಡದಾಗಿ ಕೇಳಿಸಿದರಂತೆ. ಸಭೆಯಲ್ಲಿ ಒಬ್ಬರು ಎದ್ದು, ಮೂರು ವರ್ಷದ ಕೆಲಸ ವ್ಯರ್ಥವಾಯಿತಲ್ಲ ಎಂದರಂತೆ. "ವ್ಯರ್ಥ ಯಾಕೆ? ನನಗೆ ಬಹಳ ಜನರ ತಲೆ ತೊಳೆಯೋಕೆ ಬರುತ್ತೆ ಈಗ," ಎಂದರಂತೆ ಸೆನ್ಸೇ. ಹೇಳಿದವಳು ಕೇಟಿ.

ನಿವೃತ್ತಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಕೇಟಿಯ ಪ್ರಬಂಧ ಮತ್ತೆ ಎದ್ದು ನಿಲ್ಲಬೇಕಲ್ಲ. ಅವರಕ್ಕ ಜಪಾನಿನಿಂದ ಫೋನಿನಲ್ಲಿ ಬೈದದ್ದು ಕೋಣೆಯ ಹೊರಗಿದ್ದ ನನಗೂ ಕೇಳಿಸಿತು. ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ. ಬಿಟ್ಟುಕೊಡುವುದಾಗಿ ಹೇಳಿದ್ದ ಮನೆಗೆ ಬೇರೆಯವರು ಬಂದಾಗಿತ್ತು. ಹಾಗಾಗಿ ಟೋಟೆಮ್ ಲೇಕ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡು ಕಟ್ಟಡ ಆಚೆ ಒಂದು ಕೋಣೆಯ ಮನೆ ಹಿಡಿದರು. ಭಾನುವಾರ ನಮ್ಮಲ್ಲಿ ಊಟ. ಸಾರನ್ನು ಬಟ್ಟಲಿನಲ್ಲಿ ಎತ್ತಿ ಕುಡಿದು, "ಇದು ನಮ್ಮ ಸೂಪಿನ ಸೋದರತ್ತೆ" ಎನ್ನುತ್ತಿದ್ದರು.

ಸಿರಿಗೆ ಆಗ ಒಂಬತ್ತು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸೆನ್ಸೇ ನನ್ನಿಂದ ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡ ಒಂದೇ ಒಂದು ಕನ್ನಡದ ಮಾತನ್ನು ಅವಳ ಮೇಲೆ ಪ್ರಯೋಗಿಸಿದರು. "ನಿನ್ನೆ ಬಂದ ಹುಡುಗನ ಅಕ್ಕ. ಬಂದಿದ್ದು ಯಾರು?"

"ಅಕ್ಕ, ಆಬ್ವಿಯಸ್ಲಿ," ಎಂದಳು ಸಿರಿ, ಹಪ್ಪಳ ಮುರಿಯುತ್ತಾ. "ಬಂದಿದ್ದು ಹುಡುಗ ಆಗಿದ್ರೆ ನೀವು ಅಕ್ಕನ ವಿಷಯ ಯಾಕೆ ಹೇಳ್ತಿದ್ರಿ?" ಅವಳು ಅಂದದ್ದು ಇಂಗ್ಲಿಷಿನಲ್ಲೇ, 'ಅಕ್ಕ' ಎಂಬುದೊಂದು ಬಿಟ್ಟು. ಸೆನ್ಸೇ ಊಟ ಬಿಟ್ಟು ಅದನ್ನು ಬರೆದುಕೊಂಡರು.

ಈಗ ಹೊಸದಾಗಿ ವಾಕ್ಯ ಓದುವವರು ಬೇಕು. ಕಥೆ ಹೇಳುವ ದನಿ ಇರಬಾರದು. ಅಂಥವರು ಎಲ್ಲಿ ಸಿಗುತ್ತಾರೆ? ಕೇಟಿಗೆ ತನ್ನಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ನೆನಪಾಯಿತು. ಎವರೆಟ್‌ನ ಜಪಾನಿ ಅಜ್ಜ, ಎಪ್ಪತ್ತೆಂಟು ವರ್ಷ. ಕಾರ್ಖಾನೆಯಲ್ಲಿ ವಿಮಾನ ಜೋಡಿಸಿ ಮುಗಿದ ಮೇಲೆ ತಪಾಸಣೆಯ ಪಟ್ಟಿಯನ್ನು ಗಟ್ಟಿಯಾಗಿ ಓದುವುದು ಅವರ ಕೆಲಸವಾಗಿತ್ತು. ನಾವು ಮೂವರೂ ಕೇಟಿಯ ಕಾರಿನಲ್ಲಿ ಹೋದೆವು. ಅಜ್ಜ ಕಾಗದ ಹಿಡಿದು ಓದಿದರು. ಅಜ್ಜಿ, ಮಗು, ಹೆಂಗಸು, ಚಹಾ ಎಲ್ಲವೂ ನಟ್ಟು ಬೋಲ್ಟುಗಳ ಹಾಗೆ ಒಂದರ ಹಿಂದೊಂದು ಒಂದೇ ಸಮನೆ ಬಂದವು. ನನ್ನ ಪರದೆಯ ಮೇಲೆ ಒಂದು ಕೂದಲಿನಷ್ಟೂ ಸಂದಿಯಿಲ್ಲ. ಸೆನ್ಸೇ ಆನಂದದಿಂದ ಎರಡೂ ಕೈ ಜೋಡಿಸಿದರು.

"ನಿಮ್ಮ ದನಿಯಲ್ಲಿ ಯಾವ ಭಾವನೆಯೂ ಇಲ್ಲ!" ಎಂದರು.

ಅಡುಗೆಮನೆಯಿಂದ ಅಜ್ಜನ ಹೆಂಡತಿ ಇಣುಕಿ, "ಐವತ್ತು ವರ್ಷದಿಂದ ನಾನು ಹೇಳ್ತಿರೋದೂ ಅದನ್ನೇ," ಎಂದರು.

ಅಜ್ಜ ಮಾತ್ರ ಗಂಭೀರವಾಗಿ ಕಾಗದ ತಿರುಗಿಸಿ, "ಈ ವಾಕ್ಯ ಬರೆದೋರು ಯಾರು? ಹೀಗೆ ಬರೆದಿದ್ರೆ ವಿಮಾನ ಹಾರ್ತಿರ್ಲಿಲ್ಲ," ಎಂದರು.

ಹಳೆಯ ಹಿರಿಯರನ್ನೆಲ್ಲ ಮತ್ತೆ ಕರೆಯಬೇಕಾಯಿತು. ಹೆಚ್ಚಿನವರು ನಗುತ್ತಾ ಬಂದರು. ಒಬ್ಬ ಅಜ್ಜಿ ಮಾತ್ರ, ಎಂಬತ್ತೊಂದು ವರ್ಷದವರು, ಒಪ್ಪಲಿಲ್ಲ. "ಮೊದಲ್ನೇ ಸಲ ಸರಿಯಾಗೇ ಮಾಡಿದ್ದೆ. ನೀವೇ ಪತ್ರ ಬರೆದಿದ್ರಿ, ನಾನು ಕಾಯೋಳು ಅಂತ. ಫ್ರೇಮ್ ಹಾಕ್ಸಿದೀನಿ," ಎಂದು ಫೋನ್ ಇಟ್ಟರು. ಸೆನ್ಸೇ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಗೋಡೆಯ ಮೇಲೆ ಆ ಪತ್ರ ನಿಜಕ್ಕೂ ಇತ್ತು, ಮೊಮ್ಮಕ್ಕಳ ಫೋಟೋಗಳ ಸಾಲಿನಲ್ಲೇ. ಸೆನ್ಸೇ ಅದರ ಕೆಳಗೆ ಚಾಪೆಯ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಜಪಾನಿಯಲ್ಲಿ ಏನೋ ಹೇಳಿದರು, ಬಹಳ ಹೊತ್ತು. ಅಜ್ಜಿ ಕೇಳಿದರು. ಆಮೇಲೆ ಎದ್ದುಹೋಗಿ ಕೋಟು ಹಾಕಿಕೊಂಡು ಬಂದರು. ಹೊರಗೆ ಬಂದ ಮೇಲೆ, "ಏನಂದ್ರಿ?" ಎಂದು ಕೇಳಿದೆ.

"ಪತ್ರ ಬರೆದೋಳು ಅವಸರ ಮಾಡಿದ್ಲು, ವಾಕ್ಯ ಕೇಳಿದೋರು ತಪ್ಪು ಮಾಡ್ಲಿಲ್ಲ ಅಂದೆ. ಮತ್ತೆ ಮಲ್ಲಿಗೆ ಶಾಂಪೂ ಇದೆ ಅಂತಾನೂ ಹೇಳ್ದೆ."

ಹೊಸ ಫಲಿತಾಂಶ ಬರಲು ಚಳಿಗಾಲ ಕಳೆಯಿತು. ಉಸಿರಿಲ್ಲದ ವಾಕ್ಯಗಳಲ್ಲಿ ಹಿರಿಯರ ಮೆದುಳಿನಲ್ಲೂ ಅಲೆ ಎದ್ದಿತು, ಹರೆಯದವರಂತೆಯೇ, ತುಸು ತಡವಾಗಿ. ಅವರೂ ನಮ್ಮ ಹಾಗೆಯೇ ಆತುರಗಾರರು. ಹಳೆಯ ಮುದ್ರಣ, ಹೊಸ ಮುದ್ರಣ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದು ಸಂಗತಿ ಉಳಿಯಿತು: ಮಾತಿನ ನಡುವಿನ ನಿಲುಗಡೆಯನ್ನು ಹಿರಿಯರು ಹಿಡಿಯುವಷ್ಟು ಹರೆಯದವರು ಹಿಡಿಯುವುದಿಲ್ಲ. ಮೊದಲಿನದಕ್ಕಿಂತ ಇದು ಚಿಕ್ಕ ಸಂಗತಿ. ಆದರೆ ಒತ್ತಿ ನೋಡಿದರೂ ಅಲುಗಾಡಲಿಲ್ಲ. ಕೇಟಿ ಅದರ ಮೇಲೆ ಹೊಸ ಅಧ್ಯಾಯ ಬರೆದಳು. ಪಿಎಚ್‌ಡಿ ಬಂತು.

ವಸಂತದಲ್ಲಿ, ಕ್ಯಾಂಪಸ್ಸಿನ ಚೆರಿ ಮರಗಳೆಲ್ಲ ಹೂಬಿಟ್ಟು ಎಲ್ಲಿ ನೋಡಿದರೂ ಫೋಟೋ ತೆಗೆಯುವ ಜನವೇ ತುಂಬಿದ್ದ ಒಂದು ಶನಿವಾರ, ಸೆನ್ಸೇ ಟೋಪಿ ಹಾಕಿಕೊಂಡವರನ್ನೆಲ್ಲ ಊಟಕ್ಕೆ ಕರೆದರು. ಸಾಮಾನ್ಯವಾಗಿ ಯಾರೂ ಹೀಗೆ ಕರೆಯುವುದಿಲ್ಲ. ಊಟ ಆದ ಮೇಲೆ ಎದ್ದು ನಿಂತು, ಮೊದಲು ಏನಂದುಕೊಂಡಿದ್ದೆ, ಎಲ್ಲಿ ತಪ್ಪಿದೆ, ಈಗ ಏನು ಗೊತ್ತಾಗಿದೆ ಎಂದು ಕಾಲು ಗಂಟೆ ಸರಳವಾಗಿ ಹೇಳಿದರು. ಕೇಟಿ ನನ್ನ ಪಕ್ಕ ಕೂತು ಪಿಸುಮಾತಿನಲ್ಲಿ ಅನುವಾದಿಸಿದಳು.

ಫ್ರೇಮಿನ ಅಜ್ಜಿ ಎದ್ದರು. "ಹಾಗಾದ್ರೆ ನಂಗೆ ತಾಳ್ಮೆ ಇಲ್ಲ ಅಂತಾಯ್ತು. ವಿಜ್ಞಾನವೇ ಹೇಳಿದೆ ಅಂತ ಸೊಸೆ ಹತ್ರ ತಿಂಗಳುಗಟ್ಟಲೆ ಜಂಬ ಕೊಚ್ಕೊಂಡಿದೀನಿ. ಈಗ ಅವಳಿಗೆ ಏನ್ ಹೇಳ್ಲಿ?"

ಸಭೆ ಗೊಳ್ಳೆಂದು ನಕ್ಕಿತು. ಸೆನ್ಸೇ ನಗಲಿಲ್ಲ. ಆ ಪ್ರಶ್ನೆಯನ್ನು ಸಮ್ಮೇಳನದ ಪ್ರಶ್ನೆಯಷ್ಟೇ ಗೌರವದಿಂದ ಯೋಚಿಸಿದರು. "ನೀವು ಎಲ್ಲರ ಹಾಗೇ ಅವಸರ ಮಾಡ್ತೀರಿ, ಆದ್ರೆ ಅವಳು ಎಲ್ಲಿ ಉಸಿರು ತಗೋತಾಳೆ ಅನ್ನೋದು ಅವಳಿಗಿಂತ ಚೆನ್ನಾಗಿ ನಿಮಗೆ ಕೇಳ್ಸುತ್ತೆ ಅಂತ ಹೇಳಿ," ಎಂದರು.

"ಅದನ್ನ ಹೇಳಿದ್ರೆ ಅವಳು ಇನ್ನೂ ಹೆದರ್ತಾಳೆ," ಎಂದು ಅಜ್ಜಿ ತೃಪ್ತಿಯಿಂದ ಕೂತರು.

ಎಲ್ಲರೂ ಹೋದ ಮೇಲೆ ನಾವಿಬ್ಬರು ಟೋಟೆಮ್ ಲೇಕ್ ಬಸ್ಸಿಗೆ ಬಂದು ನಿಂತೆವು. ಒಂದು ವರ್ಷದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. "ಅವತ್ತು ನಾನು ಹೇಳಿದಾಗ ನಿಮಗೆ ನನ್ನ ಮೇಲೆ ಕೋಪ ಬರ್ಲಿಲ್ವಾ?"

"ಬಂತು. ಮೂರು ದಿನ ಅಡುಗೆ ಮಾಡ್ಲಿಲ್ಲ." ಬಸ್ಸು ಬರುವ ದಿಕ್ಕಿಗೆ ಇಣುಕಿದರು. "ಆದ್ರೆ ಕೋಪ ಬಂದಿದ್ದು ನಿನ್ನ ಮೇಲಲ್ಲ. ನಾನು ಮೂವತ್ತೆರಡನೇ ವಯಸ್ಸಲ್ಲಿ ಬೇರೆ ಊರಿನ ಒಂದು ಲ್ಯಾಬಲ್ಲಿದ್ದೆ. ನನ್ನ ಗುರುಗಳ ಒಂದು ಲೇಖನದಲ್ಲಿ ಎರಡು ಪಟ್ಟಿ ಅದಲು ಬದಲಾಗಿದ್ವು. ನಾನೊಬ್ಳೇ ನೋಡಿದ್ದು. ಅವರು ತುಂಬಾ ದೊಡ್ಡೋರು, ನಂಗೆ ಕೆಲಸ ಬೇಕಿತ್ತು. ನಾನು ಹೇಳ್ಲಿಲ್ಲ."

ನಾನು ಅವರ ಕಡೆ ತಿರುಗಿ ನಿಂತೆ.

"ಅವರು ತೀರ್ಕೊಂಡ್ರು. ಆ ಲೇಖನ ಇನ್ನೂ ಓದ್ತಾರೆ. ನಾನೇ ಕ್ಲಾಸಲ್ಲಿ ಪಾಠ ಮಾಡಿದೀನಿ, ಆ ಪುಟ ಬಂದಾಗ ಬೇಗ ಬೇಗ ತಿರುಗಿಸ್ತಾ. ನೀನು ಬಂದು ನಡುಗ್ತಾ ನಿಂತೆ ನೋಡು, ಆವಾಗ ನಂಗೆ ನನ್ನ ವಯಸ್ಸು ಗೊತ್ತಾಯ್ತು, ಆ ಗುರುಗಳ ಜಾಗದಲ್ಲಿ ಈಗ ನಾನಿದೀನಿ ಅಂತ." ಚೀಲದಿಂದ ಫೋನ್ ತೆಗೆದು ಒಂದು ಮೇಲ್ ತೋರಿಸಿದರು. ಆ ಲೇಖನ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಹೋದ ವಾರ ಬರೆದದ್ದು. ಯಾವ ಪುಟ, ಯಾವ ಪಟ್ಟಿ, ತಮಗೆ ಎಂದಿನಿಂದ ಗೊತ್ತಿತ್ತು, ಯಾಕೆ ಹೇಳಲಿಲ್ಲ. ಕೆಳಗೆ ಅವರ ಪೂರ್ತಿ ಹೆಸರು.

"ಮೂವತ್ತಾರು ವರ್ಷ ತಡ," ಎಂದರು.

"ಉತ್ತರ ಬಂತಾ?"

"ಇವತ್ತು ಬೆಳಿಗ್ಗೆ ಬಂತು. 'ಧನ್ಯವಾದಗಳು, ಪರಿಶೀಲಿಸುತ್ತೇವೆ.'" ಇದ್ದಕ್ಕಿದ್ದಂತೆ ಅವರಿಗೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. "ಮೂವತ್ತಾರು ವರ್ಷ ಹೆದರಿದ್ದು ಈ ಎರಡು ಪದಕ್ಕೆ!"

ನಾನೂ ನಕ್ಕೆ. ಬಸ್ಸು ಬಂದು ನಿಂತಿತು. ಡ್ರೈವರ್ ಬಾಗಿಲು ತೆರೆದು, ನಗು ನಿಲ್ಲಿಸಲಾಗದ ಇಬ್ಬರು ಹೆಂಗಸರು ಹತ್ತುವವರೆಗೆ ಕಾದ. ಸೆನ್ಸೇ ಮುಂದೆ ಹೋಗಿ ಎರಡು ಸೀಟು ಹಿಡಿದು, ಕಿಟಕಿಯ ಪಕ್ಕದ್ದನ್ನು ನನಗೆ ಬಿಟ್ಟುಕೊಟ್ಟರು.